ಬಂದ್ ದಿನ ನಡೆದ ಪಾಠ

ಮೊನ್ನೆ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ನಾನು ಬಿ.ಎಡ್. ಓದಿದ ಮಹಿಳಾ ಕಾಲೇಜಿಗೆ ಈ ಸಲ ಪ್ರಾಯೋಗಿಕ ಪರೀಕ್ಷೆಯ ಪರೀಕ್ಷಕಿಯಾಗಿ ಹಾಕಿದ್ದರು. ಕಾಲೇಜಿನ ಹೆಸರು ಬೇಡ, ಅದರ ತಪ್ಪೇನೂ ಇಲ್ಲ. ಮೇಜಿನ ಮೇಲೆ ಹುಡುಗಿಯರ ರೆಕಾರ್ಡ್ ಪುಸ್ತಕಗಳನ್ನು ಪೇರಿಸಿ ಇಟ್ಟಿದ್ದರು. ಎಲ್ಲಕ್ಕೂ ಹೊಸ ಬೈಂಡು. ಮೇಲಿನದನ್ನು ತೆರೆದ ಕೂಡಲೇ ಕಂದು ಕಾಗದದ್ದೂ ಮೈದಾ ಅಂಟಿನದ್ದೂ ಸೇರಿದ ವಾಸನೆ ಮೂಗಿಗೆ ಬಂತು. ಒಳಗೆ ಮೊದಲ ಪುಟದಲ್ಲೇ ಇತ್ತು: 'ಶಿಕ್ಷಕಿಯ ಧ್ವನಿ ಸ್ಪಷ್ಟವಾಗಿತ್ತು. ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು.' ಮೂವತ್ತು ವರ್ಷದಲ್ಲಿ ಒಂದಕ್ಷರ ಬದಲಾಗಿಲ್ಲ. ಪುಸ್ತಕ ಮುಚ್ಚಿದೆ. ಅಟೆಂಡರ್ ಹೆಂಗಸು ಬಂದು, "ಸೆಕೆ ಆಯ್ತಾ ಮೇಡಂ? ಫ್ಯಾನು ಜೋರು ಮಾಡ್ಲಾ?" ಅಂದಳು. ಮಾಡು ಅಂದೆ.

ಅದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನನಗೆ ಇಪ್ಪತ್ತೆರಡು. ಆಷಾಢದಲ್ಲಿ ಅವ್ವ ತೀರಿಕೊಂಡಳು. ಕಾಮಾಲೆ. ಮೂರು ವಾರ ನಾಟಿ ಔಷಧಿ ಕುಡಿಸಿ, ಕಣ್ಣೆಲ್ಲ ಅರಿಶಿನವಾದ ಮೇಲೆ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಎರಡೇ ದಿನ ಇದ್ದಳು. ಅರಕೆರೆಯ ನಮ್ಮ ಮನೆ ಜಗಲಿಯ ಮೇಲೆ ಅವಳನ್ನು ಮಲಗಿಸಿದಾಗ ನಾನು ಅಳಲಿಲ್ಲ. ಅಳಬಾರದು ಅಂತ ಹಟವೇನಿರಲಿಲ್ಲ, ಅಳು ಬರಲಿಲ್ಲ. ಕೇರಿಯ ಹೆಂಗಸರು ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ಅತ್ತುಬುಡು ಕಣವ್ವ, ಒಳಗೆ ಮಡೀಕಬ್ಯಾಡ, ಅತ್ತುಬುಡು" ಅಂದರು. ನಾನು ಅವರ ಕೈಬಳೆಗಳನ್ನು ನೋಡುತ್ತಾ ಕೂತಿದ್ದೆ. ಒಬ್ಬಾಕೆಯ ಒಂದು ಬಳೆ ಒಡೆದು ಚೂರು ನನ್ನ ಮಡಿಲಿಗೆ ಬಿತ್ತು, ಅದನ್ನು ಎತ್ತಿ ಕಂಬದ ಪಕ್ಕ ಇಟ್ಟೆ. ಆಮೇಲೆ ಊರಿನಲ್ಲಿ ನನಗೆ 'ಕಲ್ಲೆದೆ ಹುಡುಗಿ' ಅಂತ ಹೆಸರಾಯಿತು. ಅದೂ ನನಗೆ ನಾಟಲಿಲ್ಲ.

ಹನ್ನೊಂದನೇ ದಿನ ತಿಥಿಗೆ ಶಾಮಿಯಾನ ಕಟ್ಟುತ್ತಿದ್ದಾಗ ಅಂಚೆಯವನು ಬಂದು ಬಿ.ಎಡ್. ಸೀಟು ಸಿಕ್ಕಿದ ಕಾಗದ ಕೊಟ್ಟ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗಿಟ್ಟರು. "ನಿಮ್ಮವ್ವ ಓದ್ಸಿ ಅಂದಿದ್ಲು. ಓಗು ಮಗ" ಅಂದರು. ಹೋದೆ. ಕೂತಿರು ಅಂದಿದ್ದರೆ ಕೂತಿರುತ್ತಿದ್ದೆ.

ಅರಕೆರೆಯಿಂದ ಬೆಳಗಿನ ಬಸ್ಸು ಹಿಡಿದು ಪಟ್ಟಣಕ್ಕೆ ಬರುವುದು, ಸಂಜೆ ಹಿಂತಿರುಗುವುದು. ಆ ವರ್ಷ ಮಳೆ ಚೆನ್ನಾಗಿತ್ತು ಅಂತ ಎಲ್ಲರೂ ಹೇಳುತ್ತಾರೆ. ನಾಲೆಯಲ್ಲಿ ನೀರು ತುಂಬಿ ಹರಿದಿತ್ತಂತೆ, ದಾರಿಯುದ್ದಕ್ಕೂ ನಾಟಿ ನಡೆದಿತ್ತಂತೆ. ನಾನು ಕಿಟಕಿ ಪಕ್ಕವೇ ಕೂರುತ್ತಿದ್ದೆ, ಆದರೂ ಒಂದು ಗದ್ದೆಯೂ ನೆನಪಿಲ್ಲ. ನೆನಪಿರುವುದು ಮುಂದಿನ ಸೀಟಿನ ಹಿಂಬದಿಯ ತಗಡಿನ ಮೇಲೆ ಯಾರೋ ಮೊಳೆಯಲ್ಲಿ ಗೀಚಿದ್ದ ಒಂದು ತೆಂಗಿನ ಮರ.

ಕಾಲೇಜಿನಲ್ಲಿ ಕೆಳಗೆ ಬಿ.ಎ. ಹುಡುಗಿಯರು, ಮೇಲಿನ ಮಹಡಿಯಲ್ಲಿ ನಾವು. ನಾವೆಂದರೆ ಅರವತ್ತು ಚಿಲ್ಲರೆ ಹೆಂಗಸರು. ನನ್ನ ಹಾಗೆ ಆಗ ತಾನೇ ಡಿಗ್ರಿ ಮುಗಿಸಿದವರು, ಮದುವೆ ಗೊತ್ತಾಗುವವರೆಗೆ ಇರಲಿ ಅಂತ ಬಂದವರು, ಮಕ್ಕಳನ್ನು ತಾಯಿಮನೆಯಲ್ಲಿ ಬಿಟ್ಟು ಬಂದವರು. ಮೊದಲ ಎರಡು ತಿಂಗಳು ಸೂಕ್ಷ್ಮ ಬೋಧನೆ ಅಂತ ಒಂದು ಆಟ ಇತ್ತು. ಒಬ್ಬಳು ಆರು ನಿಮಿಷ ಪಾಠ ಮಾಡಬೇಕು, ಉಳಿದವರು ಎಂಟನೇ ತರಗತಿ ಮಕ್ಕಳಾಗಿ ಕೂರಬೇಕು. ಮೂವತ್ತು ವರ್ಷದ ಹೆಂಗಸರು, ಮಾಂಗಲ್ಯ ಸರ ಸೆರಗಿನೊಳಗೆ ಹಾಕಿಕೊಂಡು, ಕೈಕಟ್ಟಿ ಬೆಂಚಿನ ಮೇಲೆ ಕೂತು 'ಗೊತ್ತಿಲ್ಲ ಮಿಸ್' ಅನ್ನುತ್ತಿದ್ದರು. ಆರು ನಿಮಿಷಕ್ಕೆ ಗಂಟೆ. ಆಮೇಲೆ ತಪ್ಪು ಹೇಳುವುದು. ತಪ್ಪು ತಿದ್ದಿಕೊಂಡು ಅದೇ ಪಾಠ ಇನ್ನೊಮ್ಮೆ ಮಾಡುವುದು.

ನನ್ನ ಮೊದಲ ಸರದಿಯ ದಿನ ಹಲಗೆಯ ಮುಂದೆ ನಿಂತೆ, ಬಾಯಿ ಬರಲಿಲ್ಲ. ಹೆದರಿಕೆಯಲ್ಲ, ಹೇಳುವುದಕ್ಕೆ ಏನೂ ಕಾಣಲಿಲ್ಲ. ಒಂದು ನಿಮಿಷ ಹೋಯಿತು. ಆಗ ಮೂರನೇ ಬೆಂಚಿನಿಂದ ದಪ್ಪಗಿದ್ದ ಒಬ್ಬಾಕೆ ಎದ್ದು ಕಿರುಬೆರಳು ಎತ್ತಿ, "ಮಿಸ್, ಒಂದುಕ್ಕೆ" ಅಂದರು. ಕ್ಲಾಸೆಲ್ಲ ಗೊಳ್ಳೆಂದಿತು. ನಾನು, "ಪಾಠ ಮುಗಿಯುವವರೆಗೂ ಯಾರೂ ಹೊರಗೆ ಹೋಗುವ ಹಾಗಿಲ್ಲ" ಅಂದುಬಿಟ್ಟೆ. ಮಾತು ಹೊರಟಿತು. ಹೊರಟ ಮೇಲೆ ಉಳಿದ ಐದು ನಿಮಿಷವೂ ಸಾಗಿತು. ಆಕೆಯೇ ಪುಟ್ಟಲಕ್ಷ್ಮಿ, ಕೆ.ಆರ್. ಪೇಟೆ ಕಡೆಯ ಮಾಕವಳ್ಳಿಯವರು. ನಾನು ಲಕ್ಷ್ಮಕ್ಕ ಅನ್ನುತ್ತಿದ್ದೆ.

ಲಕ್ಷ್ಮಕ್ಕನಿಗೆ ಇಪ್ಪತ್ತೊಂಬತ್ತು. ಮದುವೆಯಾದ ಮೇಲೆ ಬಿಟ್ಟು ಬಿಟ್ಟು ಬಿ.ಎ. ಮುಗಿಸಿದ್ದರು. ಊರಿನಲ್ಲಿ ಗಂಡ, ಕಬ್ಬಿನ ಗದ್ದೆ, ಡೈರಿಗೆ ಹಾಲು ಹಾಕುವ ಎರಡು ಸೀಮೆಹಸು, ಅತ್ತೆ, ಐದು ವರ್ಷದ ಮಗಳು ರಮ್ಯ. ಪಟ್ಟಣದಲ್ಲಿ ದೂರದ ಚಿಕ್ಕಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದರು. ಈ ಒಂದು ವರ್ಷ ಅವರಿಗೆ ಹೇಗೆ ಸಿಕ್ಕಿತೆಂಬುದನ್ನು ನಗುತ್ತಲೇ ಹೇಳುತ್ತಿದ್ದರು. "ಒಂದೊರ್ಸ ಓಗು, ಆಮೇಕೆ ಬಾಯಿ ಬುಡಬ್ಯಾಡ ಅಂದವ್ರೆ ನಮ್ಮನೆಯವ್ರು. ಒಂದೊರ್ಸ ಅಂದ್ರೆ ಒಂದೊರ್ಸವೇ. ಎಮ್ಮೆ ಕೊಳ್ಳಕೆ ಓದಾಗ್ಲೂ ಅಂಗೇ, ಒಂದು ಮಾತು ಅಂದ್ರೆ ಅಷ್ಟೇಯ." ಮೇಷ್ಟ್ರಾಗಬೇಕೆಂಬ ಆಸೆ ಅವರಿಗೆ ಏಳನೇ ತರಗತಿಯಿಂದ ಇತ್ತಂತೆ. ನನಗೆ ಯಾವ ಆಸೆಯೂ ಇರಲಿಲ್ಲ, ಹಾಗಾಗಿ ಅವರ ಆಸೆಯ ಪಕ್ಕದಲ್ಲಿ ಕೂರುವುದು ಹಿತವಾಗಿತ್ತು.

ಮಧ್ಯಾಹ್ನ ಅವರು ನನ್ನ ಬುತ್ತಿಯ ಮುಚ್ಚಳ ತೆಗೆದು ನೋಡುತ್ತಿದ್ದರು. ಅದರಲ್ಲಿ ಅಪ್ಪ ಕಟ್ಟಿದ ಅನ್ನ ಇರುತ್ತಿತ್ತು, ಕೆಲವು ದಿನ ಬರೀ ಮಜ್ಜಿಗೆ ಅನ್ನ. "ಇದುನ್ನ ನಾನು ತಿಂತೀನಿ, ನೀನು ಇದ ತಿನ್ನು" ಎಂದು ತಮ್ಮ ಡಬ್ಬಿಯ ರಾಗಿಮುದ್ದೆ, ಅವರೆಕಾಳು ಸಾರು ನನ್ನ ಕಡೆ ತಳ್ಳುತ್ತಿದ್ದರು. ಉಪ್ಪೋ ಖಾರವೋ ನನಗೆ ಗೊತ್ತಾಗುತ್ತಿರಲಿಲ್ಲ. "ಎಂಗದೆ?" ಅಂದರೆ ಚೆನ್ನಾಗಿದೆ ಅನ್ನುತ್ತಿದ್ದೆ. ಒಂದು ದಿನ ಉಪ್ಪೇ ಹಾಕದೆ ತಂದಿದ್ದರು, ನನ್ನನ್ನು ಪರೀಕ್ಷಿಸಲಿಕ್ಕೆ. ಅಂದೂ ಚೆನ್ನಾಗಿದೆ ಅಂದೆ. ಅವರು ನನ್ನ ಮುಖವನ್ನೇ ನೋಡಿದರು, ನಗಲಿಲ್ಲ. "ಇರ್ಲಿ ಬುಡು ನಾಗೂ, ಬತ್ತದೆ. ನಾಲಗೆ ಎಲ್ಲಿಗೋದದು?" ಅಂದರು.

ದಸರಾ ರಜೆ ಮುಗಿದ ಮೇಲೆ ನಿಜವಾದ ಶಾಲೆಗಳಿಗೆ ಕಳಿಸಿದರು. ಒಂದೊಂದು ವಿಷಯಕ್ಕೆ ಇಪ್ಪತ್ತು ಪಾಠ, ಒಟ್ಟು ನಲವತ್ತು. ಲೆಕ್ಕದಲ್ಲಿ ಒಂದು ಕಡಿಮೆಯಾದರೂ ಪರೀಕ್ಷೆಗೆ ಕೂರಿಸುವ ಹಾಗಿಲ್ಲ. ನಮ್ಮ ಗುಂಪಿನಲ್ಲಿ ನಾಲ್ವರು: ನಾನು, ಲಕ್ಷ್ಮಕ್ಕ, ಪಾಂಡವಪುರದ ಸುಧಾ, ಪಟ್ಟಣದ ದೇವಸ್ಥಾನದ ಬೀದಿಯ ವಿಜಯಾ. ಬಾಬುರಾಯನಕೊಪ್ಪಲು ದಾಟಿ ಇನ್ನೂ ಮುಂದೆ ಇದ್ದ ಒಂದು ಹೈಸ್ಕೂಲಿಗೆ ನಮ್ಮನ್ನು ಹಾಕಿದ್ದರು. ಒಬ್ಬರು ಪಾಠ ಮಾಡುವಾಗ ಉಳಿದ ಮೂವರು ಹಿಂದಿನ ಬೆಂಚಿನಲ್ಲಿ ಕೂತು ವೀಕ್ಷಣೆ ಪುಸ್ತಕ ಬರೆಯಬೇಕು. ಪೀಠಿಕೆ ಹೇಗಿತ್ತು, ಪ್ರಶ್ನೆ ಹೇಗಿತ್ತು, ಕಪ್ಪುಹಲಗೆ ಹೇಗಿತ್ತು. ಎರಡು ಗುಣ ಬರೆದು ಒಂದು ದೋಷ ಬರೆಯಬೇಕೆಂಬುದು ಅಲಿಖಿತ ನಿಯಮ.

ಲಕ್ಷ್ಮಕ್ಕನ ಪಾಠ ಮಾತ್ರ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಣ್ಣಿನ ವಿಧಗಳ ಪಾಠಕ್ಕೆ ಚಾರ್ಟು ತಂದಿರಲಿಲ್ಲ. ಹಿಂದಿನ ದಿನವೇ ಮಕ್ಕಳಿಗೆ, ನಿಮ್ಮ ನಿಮ್ಮ ಹೊಲದಿಂದ ಒಂದು ಹಿಡಿ ಮಣ್ಣು ತನ್ನಿ ಅಂದಿದ್ದರು. ನಲವತ್ತು ಮಕ್ಕಳು ನಲವತ್ತು ಹಿಡಿ ಮಣ್ಣನ್ನು ಕಾಗದದಲ್ಲಿ, ಜೇಬಿನಲ್ಲಿ, ಲಂಗದ ಮಡಿಲಲ್ಲಿ ತಂದರು. ಮೇಜಿನ ಮೇಲೆ ಸಾಲಾಗಿ ಸುರಿದು, "ಯಾರ ಮಣ್ಣು ಯಾರದು ಅಂತ ಹೇಳಿ ನೋಡೋಣ" ಅಂದರು. ಮಕ್ಕಳು ಮೂಸಿ, ಉಗುರಲ್ಲಿ ಕೆರೆದು, ಅದು ನಾಲೆ ಪಕ್ಕದ್ದು, ಇದು ಮೇಲಿನ ದಿಣ್ಣೆಯದು ಎಂದು ಹೇಳತೊಡಗಿದವು. ನಮ್ಮ ಮೇಲ್ವಿಚಾರಣೆಗೆ ಬರುತ್ತಿದ್ದ ಪದ್ಮಾವತಿ ಮೇಡಂ ಪೂರ್ತಿ ಪಾಠ ಎದ್ದೇ ನಿಂತು ನೋಡಿದರು. ಆಮೇಲೆ ಪುಸ್ತಕದಲ್ಲಿ ಬರೆದರು: 'ಬೋಧನೋಪಕರಣ ಇರಲಿಲ್ಲ.' ಮೇಡಂ ಕೆಟ್ಟವರಲ್ಲ. ಕಾಲಂ ಹಾಗಿತ್ತು, ಅಷ್ಟೇ.

ಇನ್ನು ನಮ್ಮ ಕಳ್ಳಾಟದ ವಿಷಯ. ವಾರದ ವೇಳಾಪಟ್ಟಿ ಮೊದಲೇ ಗೊತ್ತಿರುತ್ತಿತ್ತು. ಯಾರು ಯಾವ ದಿನ ಯಾವ ಪಾಠ ಎಂಬುದು ತಿಳಿದ ಮೇಲೆ ಗುಣ ಎರಡು, ದೋಷ ಒಂದು ಬರೆಯುವುದಕ್ಕೆ ಪಾಠ ನಡೆಯುವವರೆಗೆ ಯಾಕೆ ಕಾಯಬೇಕು? ಹಾಗಾಗಿ ಭಾನುವಾರವೇ ಇಡೀ ವಾರದ ವೀಕ್ಷಣೆ ಬರೆದು ಮುಗಿಸುತ್ತಿದ್ದೆವು. ಎಲ್ಲ ಗುಂಪುಗಳೂ ಹೀಗೇ ಮಾಡುತ್ತಿದ್ದವು, ನಮಗಿಂತ ಹಿಂದಿನ ವರ್ಷದವರೂ ಮಾಡಿದ್ದರು. ನನಗಂತೂ ಇದು ಒಗ್ಗಿತು. ನೋಡದೆ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ, ಆ ವರ್ಷ ನಾನು ನೋಡಿದ್ದಾದರೂ ಏನಿತ್ತು.

ಶಾಲಾ ಪಾಠಗಳ ಕೊನೆಯ ವಾರ, ಸಂಕ್ರಾಂತಿ ಇನ್ನೂ ಮುಂದಿತ್ತು. ಭಾನುವಾರ ಎಂದಿನಂತೆ ಬರೆದಿಟ್ಟೆವು. ಲಕ್ಷ್ಮಕ್ಕನಿಗೆ ಬುಧವಾರ, ಗುರುವಾರ, ಶುಕ್ರವಾರ ಒಂದೊಂದು, ಒಟ್ಟು ಮೂರು ಪಾಠ ಬಾಕಿ ಇತ್ತು. ಮಂಗಳವಾರ ಸಂಜೆ ಅವರ ಮೈದುನ ಬಂದ. ರಮ್ಯನಿಗೆ ಅಮ್ಮ ಎದ್ದಿದ್ದಾಳೆ, ಮೈತುಂಬ ಗುಳ್ಳೆ, ಜ್ವರ ಇಳಿದಿಲ್ಲ ಅಂದ. ಬುಧವಾರದ ಮೊದಲ ಬಸ್ಸಿಗೆ ಲಕ್ಷ್ಮಕ್ಕ ಕೆ.ಆರ್. ಪೇಟೆ ಕಡೆ ಹೊರಟುಹೋದರು. ಗುರುವಾರ ಕಾವೇರಿ ನೀರಿನ ಗಲಾಟೆಗೆ ಬಂದ್ ಆಯಿತು. ಮೈಸೂರು ರಸ್ತೆಗೆ ಕಲ್ಲು ಅಡ್ಡ ಹಾಕಿ ಟೈರು ಸುಟ್ಟರು, ಶಾಲೆಗಳೆಲ್ಲ ಬಾಗಿಲು ಹಾಕಿದವು. ಆ ದಿನ ತಪ್ಪಿದ ನಮ್ಮ ಪಾಠಗಳನ್ನು ನಾವು ಮೂವರೂ ಶನಿವಾರ ಮಾಡಿ ಮುಗಿಸಿದೆವು. ಶನಿವಾರ ಮಧ್ಯಾಹ್ನ ಆ ಶಾಲೆಯ ಹಿರಿಯ ಮೇಷ್ಟ್ರು ಇಡೀ ವಾರದ ಹಾಳೆಗಳಿಗೆ ಒಟ್ಟಿಗೆ ಸಹಿ ಹಾಕಿಕೊಟ್ಟರು. ಅದರಲ್ಲಿ ಲಕ್ಷ್ಮಕ್ಕನ ಮೂರು ಪಾಠವೂ ಸೇರಿಹೋಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎಲ್ಲ ಕಡೆಯೂ ಇರುತ್ತಾರೆ. ಹೊರಗೆ ಬಂದ ಮೇಲೆ ವಿಜಯಾ ನೋಡಿದಳು. "ಹೇಗೂ ಸಹಿ ಬಿದ್ದಿದೆ. ಇರಲಿ ಬಿಡ್ರೇ, ಪಾಪ ಅವರಿಗೆ ಒಳ್ಳೆಯದೇ ಆಯ್ತು" ಅಂದಳು.

ಲಕ್ಷ್ಮಕ್ಕ ಹಿಂತಿರುಗಿದ್ದು ಹತ್ತು ದಿನದ ಮೇಲೆ. ಕಣ್ಣು ಒಳಗೆ ಹೋಗಿದ್ದವು. ಮಗು ಉಳಿದಿತ್ತು. ಕಾಲೇಜಿನ ಹಿಂದಿನ ಮೆಟ್ಟಿಲ ಮೇಲೆ ಕೂರಿಸಿ ನಾವು ಸುದ್ದಿ ಹೇಳಿದೆವು, ನಿಮ್ಮ ಪಾಠ ಎಲ್ಲ ಮುಗಿದಿದೆ ಅಂತ. ಅವರಿಗೆ ಸಂತೋಷವಾಗಲಿಲ್ಲ.

"ಬ್ಯಾಡ ಕಣ್ರವ್ವ. ನಾ ಓಗಿ ಮೇಡಮ್ಮಂಗೆ ಏಳ್ಬುಡ್ತೀನಿ. ಮಗೀಗೆ ಉಸಾರಿರಲಿಲ್ಲ, ಮೂರು ಪಾಠ ಉಳ್ಕಂಡವೆ, ಮಾಡ್ಕೊಡ್ತೀನಿ ಅಂತ."

"ಸುಮ್ಮನಿರಿ ಲಕ್ಷ್ಮಕ್ಕ," ಸುಧಾ ಅಂದಳು. "ನೀವು ಹೇಳಿದ್ರೆ ಅದನ್ನ ಬರೆದೋರು ಯಾರು ಅಂತ ಕೇಳ್ತಾರೆ. ನಾವು ಮೂರು ಜನಾನೂ ಸಿಕ್ಕಾಕ್ಕೋತೀವಿ."

"ಮಾಡ್ದಲೇ ಮಾಡಿದೀನಿ ಅನ್ನದು ಎಂಗ್ರವ್ವ?"

"ಎಲ್ಲರೂ ಹಂಗೇ ತಾನೇ ಮಾಡೋದು!"

ಲಕ್ಷ್ಮಕ್ಕ ನನ್ನ ಕಡೆ ತಿರುಗಿದರು. "ನೀ ಏಳು ನಾಗೂ. ಏಳ್ಲಾ ಬ್ಯಾಡ್ವಾ?"

ನಾನು, "ಬೇಡ ಅಕ್ಕ, ಬಿಡಿ" ಅಂದೆ. ಯೋಚಿಸಿ ಹೇಳಿದ್ದಲ್ಲ. ಮಾತು ಮುಗಿದರೆ ಸಾಕಾಗಿತ್ತು. ಅವರು ಸ್ವಲ್ಪ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತಿದ್ದು, ನಿಮಗೆ ತೊಂದರೆ ಆಗೋದಾದರೆ ಬೇಡ ಬಿಡಿ ಎಂದು ಎದ್ದರು.

ಮತ್ತೊಂದು ತಿಂಗಳು ಕಳೆದು ರೆಕಾರ್ಡುಗಳ ತಪಾಸಣೆ ಬಂತು. ಪದ್ಮಾವತಿ ಮೇಡಂ ನಮ್ಮನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ವಿಜಯಾ ಹೋಗಿ ಬಂದಳು, ಸುಧಾ ಹೋಗಿ ಬಂದಳು. ಅವರಿಬ್ಬರ ಮುಖ ಬಿಳಿಚಿಕೊಂಡಿತ್ತು. ಆದರೆ ಪಕ್ಕದಲ್ಲೇ ಅಟೆಂಡರ್ ಇದ್ದುದರಿಂದ ಏನೂ ಹೇಳಲಿಲ್ಲ. ನಾನು ಒಳಗೆ ಹೋದಾಗ ಮೂರು ವೀಕ್ಷಣೆ ಪುಸ್ತಕಗಳು ಮೇಜಿನ ಮೇಲೆ ಒಂದೇ ತಾರೀಖಿಗೆ ತೆರೆದುಕೊಂಡಿದ್ದವು.

"ಈ ಗುರುವಾರ ಬಂದ್ ಇತ್ತು," ಮೇಡಂ ಅಂದರು. "ನಾನೇ ಮೈಸೂರಿಂದ ಬರೋಕಾಗ್ಲಿಲ್ಲ. ಅವತ್ತು ಪುಟ್ಟಲಕ್ಷ್ಮಿ ಪಾಠದಲ್ಲಿ ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು ಅಂತ ನೀವು ಮೂವರೂ ಬರೆದಿದ್ದೀರಿ."

ನಾನು ತೆರೆದಿದ್ದ ಪುಟದ ತಾರೀಖನ್ನು ನೋಡಿದೆ.

"ನಿಮ್ಮ ನಿಮ್ಮ ಪಾಠ ಶನಿವಾರ ಆಯ್ತು, ತಾರೀಖು ತಿದ್ದೋದು ಮರೆತ್ವಿ ಅಂತ ಅವರಿಬ್ಬರೂ ಹೇಳಿದ್ರು. ಪುಟ್ಟಲಕ್ಷ್ಮಿದೂ ಹಾಗೇ ಇರಬೇಕು, ಅಲ್ವಾ? ಶನಿವಾರ ಕೊಟ್ಟಿರಬೇಕು."

ಈಗ ಯೋಚಿಸಿದರೆ ಗೊತ್ತಾಗುತ್ತದೆ, ಮೇಡಂ ಬಾಗಿಲು ತೆರೆದು ಹಿಡಿದಿದ್ದರು. ಹೌದು ಅಂದರೆ ಮುಗಿಯುತ್ತಿತ್ತು. ತಾರೀಖಿಗೆ ಕೆಂಪು ಶಾಯಿಯಲ್ಲಿ ಒಂದು ಗೀಟು ಬೀಳುತ್ತಿತ್ತು, ಅಷ್ಟೇ. ನಾನು ಅವರ ತಲೆಯ ಮೇಲೆ ನಿಂತಿದ್ದ ಫ್ಯಾನನ್ನು ನೋಡುತ್ತಿದ್ದೆ. ಕರೆಂಟಿರಲಿಲ್ಲ.

"ಇಲ್ಲ ಮೇಡಂ. ಶನಿವಾರವೂ ಅವರು ಬಂದಿರಲಿಲ್ಲ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಬುಧವಾರದ್ದು?"

"ಇಲ್ಲ ಮೇಡಂ."

"ಶುಕ್ರವಾರದ್ದು?"

"ಅದೂ ಇಲ್ಲ."

"ಬೇರೆ ಏನಾದರೂ ಹೇಳೋದಿದೆಯಾ ನಾಗರತ್ನ?"

"ಇಲ್ಲ ಮೇಡಂ" ಅಂದೆ.

ಸತ್ಯ ಹೇಳಿದೆ ಎಂದು ಯಾರಾದರೂ ನನ್ನನ್ನು ಹೊಗಳಬಹುದು. ಅದು ಸತ್ಯದ ಮೇಲಿನ ಪ್ರೀತಿಯಲ್ಲ. ಲಕ್ಷ್ಮಕ್ಕನ ಮೇಲಿನ ಸಿಟ್ಟೂ ಅಲ್ಲ. ಕೇಳಿದರು, ಇದ್ದದ್ದು ಹೊರಗೆ ಬಂತು. ಮಗುವಿಗೆ ಹುಷಾರಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಅವರು ತಾವಾಗಿ ಬಂದು ಹೇಳಲು ಹೊರಟಿದ್ದರು, ನಾವೇ ತಡೆದೆವು ಎಂಬುದೂ ಗೊತ್ತಿತ್ತು. ಆ ಎರಡು ಮಾತು ನನ್ನೊಳಗೆ ಎಲ್ಲೋ ಇದ್ದವು, ಬಾಯಿಯವರೆಗೆ ಬರಲಿಲ್ಲ. ಅವುಗಳನ್ನು ತರಬೇಕು ಎಂದೂ ಅನ್ನಿಸಲಿಲ್ಲ.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ನಾಲ್ವರನ್ನೂ ಸಾಲಾಗಿ ನಿಲ್ಲಿಸಿದರು. ನಮ್ಮ ಮೂವರಿಗೆ ಬೈಗುಳ, ವೀಕ್ಷಣೆ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಹೊಸದಾಗಿ ಬರೆಯುವ ಶಿಕ್ಷೆ. ಆಮೇಲೆ ಲಕ್ಷ್ಮಕ್ಕನ ಕಡೆ ತಿರುಗಿ, "ನಿಮ್ಮ ಹೆಸರಲ್ಲಿ ಇದನ್ನ ಬರೆದಿದ್ದಾರೆ ಅನ್ನೋದು ನಿಮಗೆ ಗೊತ್ತಿತ್ತಾ?" ಅಂದರು.

"ಗೊತ್ತಿತ್ತು ಮೇಡಂ."

"ಗೊತ್ತಿದ್ದೂ ಒಂದು ತಿಂಗಳು ಯಾಕೆ ಹೇಳಲಿಲ್ಲ?"

ಲಕ್ಷ್ಮಕ್ಕ ನಮ್ಮ ಮೂವರ ಕಡೆ ನೋಡಿದರು. ಮೊದಲು ಸುಧಾ, ಆಮೇಲೆ ವಿಜಯಾ, ಕೊನೆಗೆ ನಾನು. ನನ್ನ ಮೇಲೆ ಸ್ವಲ್ಪ ಹೆಚ್ಚು ಹೊತ್ತು. ಆಮೇಲೆ ನೆಲ ನೋಡಿದರು. ನಮ್ಮ ಹೆಸರು ಹೇಳಲಿಲ್ಲ. ನಾವು ಮೂವರೂ ಬಾಯಿ ಬಿಡಲಿಲ್ಲ. ಅವರಿಬ್ಬರಿಗೆ ಭಯ ಅಂತ ಒಂದು ಕಾರಣವಾದರೂ ಇತ್ತು.

ಹೈಸ್ಕೂಲುಗಳಲ್ಲಿ ಅಷ್ಟು ಹೊತ್ತಿಗೆ ಪಾಠ ಮುಗಿದು ಹತ್ತನೆಯವರ ಪರೀಕ್ಷೆ ತಯಾರಿ ಶುರುವಾಗಿತ್ತು. ಉಳಿದ ಮೂರು ಪಾಠಕ್ಕೆ ಯಾವ ಶಾಲೆಯೂ ಒಪ್ಪುವ ಹಾಗಿರಲಿಲ್ಲ. ಮುಂದಿನ ವರ್ಷ ಬಂದು ಮುಗಿಸಿ ಪರೀಕ್ಷೆಗೆ ಕೂತುಕೊಳ್ಳಿ ಎಂದು ಲಕ್ಷ್ಮಕ್ಕನಿಗೆ ಹೇಳಿದರು. ಮುಂದಿನ ವರ್ಷ ಎಂಬ ಮಾತು ಅವರಿಗೆ ಇಲ್ಲ ಎಂಬುದು ಆ ಕೋಣೆಯಲ್ಲಿ ನಮ್ಮ ಮೂವರಿಗೆ ಮಾತ್ರ ಗೊತ್ತಿತ್ತು. ಎರಡು ದಿನದ ಮೇಲೆ ಅವರ ಯಜಮಾನರು ಬಂದು ಟ್ರಂಕು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದರು. ಜಗಳವೇನೂ ಮಾಡಲಿಲ್ಲ. ನಾನು ಆ ದಿನ ಲೈಬ್ರರಿಯಲ್ಲಿ ಕೂತು ಎರಡು ಗುಣ, ಒಂದು ದೋಷ ಹೊಸದಾಗಿ ಬರೆಯುತ್ತಿದ್ದೆ.

ಪರೀಕ್ಷೆ ಮುಗಿದ ದಿನ ಮೆಟ್ಟಿಲಿನ ಬಳಿ ಪದ್ಮಾವತಿ ಮೇಡಂ ಎದುರಾದರು. ರೈಲಿಗೆ ಹೊತ್ತಾಗಿದ್ದರೂ ನಿಂತರು. "ಒಂದು ಮಾತು ನಾಗರತ್ನ. ಆ ಪುಟ್ಟಲಕ್ಷ್ಮಿ ಇಪ್ಪತ್ತು ವರ್ಷದಲ್ಲಿ ನಾನು ನೋಡಿದ ಒಳ್ಳೇ ಟೀಚರು ಕಣಮ್ಮ. ಆಗಲೇ ಅವಳಾಗಿ ಬಂದು ಹೇಳಿದ್ದಿದ್ದರೆ ನಾನೇ ನಿಂತು ಮೂರು ಪಾಠ ಕೊಡಿಸ್ತಿದ್ದೆ. ಮುಚ್ಚಿಟ್ಟಳಲ್ಲ, ಅದಕ್ಕೇ ಪ್ರಿನ್ಸಿಪಾಲರ ಮುಂದೆ ನಂಗೆ ಬಾಯಿಲ್ಲದ ಹಾಗಾಯ್ತು" ಎಂದು ಹೇಳಿ ಸ್ಟೇಷನ್ನಿನ ಕಡೆ ನಡೆದರು. ಆಗಲಾದರೂ ಕೂಗಿ ಕರೆದು ಹೇಳಬಹುದಿತ್ತು. ಅವರ ಬಿಳಿ ಕೊಡೆ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಾ ನಿಂತಿದ್ದೆ.

ಆ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಅರಕೆರೆಯಲ್ಲಿ ಪಾತ್ರೆ ತೊಳೆಯುವಾಗ, ಹಸುವಿಗೆ ನೀರಿಡುವಾಗ, 'ಅವಳಾಗಿ ಬಂದು ಹೇಳಿದ್ದಿದ್ದರೆ' ಎಂದು ಮೇಡಂ ಮಾತೇ ಕೇಳುತ್ತಿತ್ತು. ಎರಡು ವಾರ ತಡೆದೆ. ಜೂನ್ ಮೊದಲ ವಾರ ಅಪ್ಪನಿಗೆ ಹೇಳಿ ಮಾಕವಳ್ಳಿಗೆ ಹೋದೆ. ಎಲ್ಲ ಹೇಳಿಬಿಡಬೇಕು, ಬೈದರೆ ಬೈಸಿಕೊಳ್ಳಬೇಕು ಎಂದುಕೊಂಡಿದ್ದೆ.

ಲಕ್ಷ್ಮಕ್ಕ ಕೊಟ್ಟಿಗೆಯಲ್ಲಿ ಕಬ್ಬಿನ ಸೋಗೆ ಕತ್ತರಿಸಿ ಹಸುಗಳಿಗೆ ಹಾಕುತ್ತಿದ್ದರು. ನನ್ನನ್ನು ನೋಡಿ ಕುಡುಗೋಲು ಕೆಳಗಿಟ್ಟು, "ಓ, ಬಾ ನಾಗೂ! ಬಿಸ್ಲಲ್ಲಿ ಬಂದ್ಬುಟ್ಟಿದ್ದೀಯ, ಕೈಕಾಲು ತೊಳ್ಕೊ" ಅಂದರು. ಯಜಮಾನರು ಜಗಲಿಯಿಂದ ಎದ್ದು ಚಾಪೆ ಹಾಕಿ, "ಇವ್ರೂ ಮೇಷ್ಟ್ರಾ?" ಎಂದು ಕೇಳಿದರು. "ಆಯ್ತಾಳೆ ಬುಡಿ" ಅಂದರು ಲಕ್ಷ್ಮಕ್ಕ. ಮುಖದ ತುಂಬ ಕಲೆ ಉಳಿದ ಮಗು ಕಂಬ ಹಿಡಿದುಕೊಂಡು ನನ್ನನ್ನು ನೋಡುತ್ತಿತ್ತು. ಮುದ್ದೆ, ಮೊಳಕೆ ಹುರುಳಿ ಸಾರು ಬಡಿಸಿದರು. ಯಜಮಾನರು ಹಾಲಿನ ಕ್ಯಾನು ಹಿಡಿದು ಡೈರಿ ಕಡೆ ಹೋದ ಮೇಲೆ ನಾನು ಬಾಯಿ ಬಿಟ್ಟೆ.

"ಅಕ್ಕ, ಅವತ್ತು ಮೇಡಂಗೆ ಹೇಳಿದ್ದು ನಾನು."

"ಗೊತ್ತು. ಅವತ್ತೇ ಗೊತ್ತಾಯ್ತು. ಅವ್ರಿಬ್ರು ಅಳ್ತಾ ಇದ್ರು, ನೀನು ನಿಂತಿದ್ದೆ."

"ನೀವು ಹೇಳೋಕೆ ಹೊರಟಿದ್ರಿ, ನಾವೇ ಬೇಡ ಅಂದ್ವಿ ಅನ್ನೋದನ್ನೂ ಹೇಳಬೇಕಿತ್ತು. ಹೇಳಲಿಲ್ಲ."

"ಊಂ."

"ಬಯ್ಯಿರಿ ಅಕ್ಕ."

ಲಕ್ಷ್ಮಕ್ಕ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು. "ಯಾರ್ನ ಬಯ್ಲಿ? ಸಿಟ್ಟು ಬಂದಿತ್ತು ಕಣವ್ವ, ಇಲ್ಲ ಅನ್ನಕಿಲ್ಲ. ಅವ್ರಿಬ್ರನ್ನ ಮನಸ್ಸಲ್ಲೇ ಬೋ ಬಯ್ದಿವ್ನಿ. ನಿನ್ನ ಬಯ್ಯಕೆ ಓದ್ರೆ, ಅವತ್ತು ಆ ರೂಮ್ನಲ್ಲಿ ನೀನು ಇರ್ಲೇ ಇಲ್ವಲ್ಲ. ಒರ್ಸೆಲ್ಲಾ ನೀನು ಎಲ್ಲೂ ಇರ್ಲಿಲ್ಲ. ನಂಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಕೇಳ್ದೆ ನೋಡು, ಏಳ್ಲಾ ಬ್ಯಾಡ್ವಾ ಅಂತ, ಅದು ನನ್ ತಪ್ಪು."

ನಾನು ಉಣ್ಣುವುದನ್ನು ನಿಲ್ಲಿಸಿದೆ.

"ಉಣ್ಣು," ಅಂದರು. "ಉಂಡ್ಕೊಂಡು ಓಗು. ಆದ್ರೆ ಇನ್ನೊಂದು ಸಲ ಬರಬ್ಯಾಡ ಕಣವ್ವ. ಬ್ಯಾಸ್ರ ಮಾಡ್ಕಬ್ಯಾಡ. ನಾನು ಇಲ್ಲಿ ಸರ್ಯಾಗೇ ಇವ್ನಿ. ನಿನ್ನ ನೋಡುದ್ರೆ ಮಾತ್ರ ಆ ಮೂರು ಪಾಠ ಎಂಗ್ ಮಾಡ್ತಿದ್ದೆ ಅಂತ ಒಳಗೇ ಸುರು ಆಯ್ತದೆ."

ಅದನ್ನು ಅವರು ಹಸುವಿನ ಮುಂದೆ ನೀರಿಟ್ಟು ಬರುತ್ತೇನೆ ಎನ್ನುವ ಹಾಗೆ ಹೇಳಿದರು. ನಾನು ತಟ್ಟೆ ಖಾಲಿ ಮಾಡಿದೆ. ಸಾರಿಗೆ ಖಾರ ಹೆಚ್ಚಾಗಿತ್ತು. ನನಗೆ ಅದು ಗೊತ್ತಾಯಿತು.

ಕೆ.ಆರ್. ಪೇಟೆ ಬಸ್ ನಿಲ್ದಾಣದಲ್ಲಿ ಮೈಸೂರು ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಅಳು ಬಂತು. ಸದ್ದು ಮಾಡಿ ಅತ್ತೆ. ಹೂ ಮಾರುವ ಹೆಂಗಸು ಬುಟ್ಟಿ ಬಿಟ್ಟು ಎದ್ದು ಬಂದು, "ಯಾರೋದ್ರವ್ವ?" ಎಂದು ಕೇಳಿದಳು. "ನಮ್ಮವ್ವ" ಅಂದೆ. ಅವ್ವ ಹೋಗಿ ಹನ್ನೊಂದು ತಿಂಗಳಾಗಿತ್ತು. ಆಕೆ ಇಂದೇ ಹೋಗಿರಬೇಕು ಎಂದುಕೊಂಡು ನನ್ನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. ಎರಡು ಬಸ್ಸು ಹೋದವು.

ಆ ವರ್ಷವೇ ಪಾಸಾದೆ. ನಾಲ್ಕು ವರ್ಷದಲ್ಲಿ ಕೆಲಸವೂ ಸಿಕ್ಕಿತು, ಮೊದಲು ನಾಗಮಂಗಲದಲ್ಲಿ, ಆಮೇಲೆ ಬೇರೆ ಬೇರೆ ಕಡೆ. ಮಕ್ಕಳು ನನ್ನನ್ನು ಒಳ್ಳೆಯ ಮಿಸ್ ಅನ್ನುತ್ತವೆ, ನಾನು ಅಲ್ಲ ಅನ್ನುವುದಿಲ್ಲ. ನಡುವೆ ಆರು ವರ್ಷ ಕೆ.ಆರ್. ಪೇಟೆ ತಾಲ್ಲೂಕಿನಲ್ಲೇ ಇದ್ದೆ. ಶಾಲೆಯ ಮುಂದೆ ದಿನಕ್ಕೆ ನಾಲ್ಕು ಸಲ ಮಾಕವಳ್ಳಿ ಬಸ್ಸು ನಿಲ್ಲುತ್ತಿತ್ತು. ಅಲ್ಲಿಂದ ಓದಲು ಬರುತ್ತಿದ್ದ ಹುಡುಗಿಯರನ್ನು ಒಂದು ದಿನವೂ ಏನೂ ಕೇಳಲಿಲ್ಲ. ಬರಬೇಡ ಅಂದಿದ್ದರು, ಹೋಗಲಿಲ್ಲ. ಅವರ ಮಾತಿನಲ್ಲಿ ನಾನು ನಡೆಸಿಕೊಟ್ಟಿದ್ದು ಅದೊಂದೇ.